ಕಡತದ ನೆನಪು, ಕಡತದ ಮರೆವು

‘ಕಡತ’ ಎಂಬ ಪದಕ್ಕೆ ಈಗ ಮೂರನೆಯ ಜನ್ಮ ನಡೆದಿದೆ. ಮೊದಲ ಜನ್ಮದಲ್ಲಿ ಅದು ಕಪ್ಪು ಬಳಿದ ಬಟ್ಟೆಯ ಪುಸ್ತಕವಾಗಿತ್ತು. ಎರಡನೆಯದರಲ್ಲಿ ಸರ್ಕಾರಿ ಕಚೇರಿಯ ಮೇಜಿನಿಂದ ಮೇಜಿಗೆ ಸಾಗುವ ಕಾಗದದ ಕಟ್ಟಾಯಿತು. ಮೂರನೆಯದರಲ್ಲಿ ಗಣಕಯಂತ್ರದ ಫೈಲಿಗೆ ಕನ್ನಡಿಗರು ಇದೇ ಹೆಸರಿಟ್ಟರು. ಹೆಸರಿಟ್ಟವರು ಬಟ್ಟೆಯ ಕಡತವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಇಲ್ಲವೋ, ಹೊಂದಿಕೆಯಂತೂ ಸೊಗಸಾಗಿದೆ. ಒರೆಸಿ ಮತ್ತೆ ಬರೆಯಬಹುದಾದ ವಸ್ತುವಿನ ಹೆಸರು ಒರೆಸಿ ಮತ್ತೆ ಬರೆಯಬಹುದಾದ ವಸ್ತುವಿಗೇ ಮರಳಿ ಬಂದಿದೆ.

ಬರೆಯುವ ತಂತ್ರಾಂಶವನ್ನು ತೆರೆದಾಗ ಒಂದು ಮೂಲೆಯಲ್ಲಿ ‘ಇತ್ತೀಚಿನ ಕಡತಗಳು’ ಎಂಬ ಪಟ್ಟಿ ಕಾಣುತ್ತದೆ. ನಾವು ಕೊನೆಯದಾಗಿ ತೆರೆದದ್ದು ಮೇಲೆ, ಅದಕ್ಕೂ ಹಿಂದಿನದು ಅದರ ಕೆಳಗೆ. ಮೈಕ್ರೋಸಾಫ್ಟ್ ವರ್ಡ್‌ನ 2003ರ ಆವೃತ್ತಿಯವರೆಗೆ ಈ ಪಟ್ಟಿಯಲ್ಲಿ ರೂಢಿಯಾಗಿ ನಾಲ್ಕೇ ಹೆಸರುಗಳಿರುತ್ತಿದ್ದವು. ಬೇಕೆಂದರೆ ಒಂಬತ್ತರವರೆಗೆ ಏರಿಸಿಕೊಳ್ಳಬಹುದಿತ್ತು. ಐದನೆಯದನ್ನು ತೆರೆದ ಕ್ಷಣದಲ್ಲಿ ಮೊದಲನೆಯದು ಪಟ್ಟಿಯಿಂದ ಜಾರಿಹೋಗುತ್ತಿತ್ತು. ಮೂರು ತಿಂಗಳಿನಿಂದ ಬರೆಯುತ್ತಿರುವ ದೊಡ್ಡ ಲೇಖನವೊಂದು ಅಲ್ಲಿದ್ದರೂ ಸರಿಯೇ, ಮದುವೆಯ ಕರೆಯೋಲೆ, ವಿದ್ಯುತ್ ಬಿಲ್ಲಿನ ಅರ್ಜಿ, ಯಾರೋ ಕಳಿಸಿದ ಸುತ್ತೋಲೆ, ಮತ್ತೊಂದು ಕರೆಯೋಲೆ, ಹೀಗೆ ನಾಲ್ಕನ್ನು ತೆರೆದು ಮುಚ್ಚಿದರೆ ಲೇಖನದ ಗುರುತೇ ಅಳಿಯುತ್ತಿತ್ತು. ಯಂತ್ರಕ್ಕೆ ಗೊತ್ತಿರುವುದು ತೆರೆದದ್ದು ಮಾತ್ರ. ಯಾತಕ್ಕಾಗಿ ತೆರೆದೆವು, ಮತ್ತೆ ತೆರೆಯಬೇಕಾಗುತ್ತದೆಯೇ ಎಂಬುದು ಅದಕ್ಕೆ ತಿಳಿಯದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಂತ್ರಾಂಶದ ಕೆಲಸದಲ್ಲಿದ್ದಾರೆ. ಅವರ ಎಡಿಟರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚಂತೆ. ಕಾರ್ಯಕ್ರಮ ಬರೆಯುವವರು ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ ಬರೆಯಬೇಕು. ಆ ಟಿಪ್ಪಣಿಗೆಂದು ಯಂತ್ರ ತಾನೇ ಒಂದು ತಾತ್ಕಾಲಿಕ ಕಡತವನ್ನು ತೆರೆಯುತ್ತದೆ. ಸಹಾಯದ ಪುಟ ನೋಡಿದರೆ ಅದೂ ಒಂದು ಕಡತ. “ಸರ್, ಅದು ತಾನಽ ತೆರದದ್ದನ್ನೂ ನಾವು ತೆರದದ್ದು ಅಂತ ಬರಕೊಂಡು ಕುಂಡರತೈತಿ” ಎಂದು ಅವರು ನಕ್ಕರು. ಹಾಗಾದರೆ ಯಾವುದನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂದು ಯಂತ್ರಕ್ಕೆ ಹೇಳಿಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹೊಸದಲ್ಲ. ನಮ್ಮ ಹಿರೇಹಂದಿಗೋಳದ ಸುತ್ತಮುತ್ತಲಿನ ಸೀಮೆಯಲ್ಲಿಯೇ ಇದಕ್ಕೆ ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಬಟ್ಟೆಯ ಕಡತದಿಂದಲೇ ಆರಂಭಿಸೋಣ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಬದಿಗೂ ಬಳಿದು ಒಣಗಿಸುತ್ತಿದ್ದರು. ಅದನ್ನು ಕತ್ತರಿಸದೆ ಹಿಂದೆ ಮುಂದೆ ಮಡಿಚಿದರೆ ಪುಸ್ತಕವಾಗುತ್ತಿತ್ತು. ಎರಡು ತುದಿಗೆ ಮರದ ಹಲಗೆಯ ರಕ್ಷೆ. ಬರೆಯುವುದು ಬಳಪದ ಕಡ್ಡಿಯಿಂದ, ಕಪ್ಪಿನ ಮೇಲೆ ಬಿಳಿ ಅಕ್ಷರ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ (1810) ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಎಲ್ಲವೂ ಇದರಲ್ಲಿ. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದುಬಂದು ಇತಿಹಾಸಕಾರರಿಗೆ ದೊಡ್ಡ ಆಕರವಾಗಿವೆ. ಬೇರೆಡೆಯ ಅಸಂಖ್ಯ ಕಡತಗಳು ಒರೆಸಿಹೋದವು. ಒರೆಸಿ ಮತ್ತೆ ಬಳಸುವುದಕ್ಕಾಗಿಯೇ ಅವನ್ನು ಮಾಡಿದ್ದರು, ಆದ್ದರಿಂದ ಅದನ್ನು ನಷ್ಟವೆಂದು ಕರೆಯುವುದೂ ಪೂರ್ತಿ ಸರಿಯಲ್ಲ.

ಗದಗಿನ ಹತ್ತಿಯ ಪೇಟೆಯನ್ನು ಬಲ್ಲವರಿಗೆ ಇನ್ನೊಂದು ಜೋಡಿ ನೆನಪಿಗೆ ಬರಬೇಕು. ಕೀರ್ದಿ ಮತ್ತು ಖಾತೆ. ಕೀರ್ದಿಯಲ್ಲಿ ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿ ದಾಖಲಾಗುತ್ತದೆ. ಹತ್ತಿ ಕೊಂಡದ್ದು, ಹಮಾಲರಿಗೆ ಕೊಟ್ಟದ್ದು, ಚಹಾ ತರಿಸಿದ್ದು, ಎಲ್ಲಕ್ಕೂ ಒಂದೊಂದೇ ಸಾಲು. ಖಾತೆಯಲ್ಲಿ ಕ್ರಮ ಬೇರೆ. ಅಲ್ಲಿ ಹೆಸರಿಗೊಂದು ಪುಟ. ಅಂಥವನ ಹತ್ತಿರ ನಮಗೆ ಎಷ್ಟು ಬರಬೇಕು, ಇಂಥವನಿಗೆ ನಾವು ಎಷ್ಟು ಕೊಡಬೇಕು ಎಂಬುದು ಅದರಿಂದ ತಿಳಿಯಬೇಕು. ದೀಪಾವಳಿಯ ಪಾಡ್ಯದ ಸುಮಾರಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಅರಿಸಿನ ಕುಂಕುಮ ಹಚ್ಚುತ್ತಾರಲ್ಲ, ಆಗ ಹಳೆಯದರಿಂದ ಹೊಸದಕ್ಕೆ ಎಲ್ಲ ಹೆಸರುಗಳೂ ದಾಟುವುದಿಲ್ಲ. ಬಾಕಿ ಉಳಿದವರ ಹೆಸರುಗಳಷ್ಟೇ ದಾಟುತ್ತವೆ. ಲೆಕ್ಕ ಚುಕ್ತಾ ಆದವನು ಎಷ್ಟೇ ದೊಡ್ಡ ಗಿರಾಕಿಯಾಗಿರಲಿ, ಹೊಸ ಪುಸ್ತಕದ ಮೊದಲ ದಿನ ಅವನ ಹೆಸರು ಅಲ್ಲಿರುವುದಿಲ್ಲ. ಎರಡು ರೂಪಾಯಿ ಬಾಕಿಯವನದು ಇರುತ್ತದೆ.

ನಮ್ಮ ಎಡಿಟರಿನ ಪಟ್ಟಿ ಕೀರ್ದಿಯಂತಿದೆ, ಬಳಸುವವನಿಗೆ ಬೇಕಾಗಿರುವುದು ಖಾತೆ. ಇಡೀ ತೊಡಕು ಇಷ್ಟೇ ಎಂದು ನನಗೆ ತೋರುತ್ತದೆ. ಕೊನೆಯದಾಗಿ ಯಾವುದನ್ನು ತೆರೆದೆ ಎಂಬುದಕ್ಕಿಂತ ಯಾವುದರಲ್ಲಿ ಬಾಕಿ ಇದೆ ಎಂಬುದು ಮುಖ್ಯ. 2007ರ ವರ್ಡ್‌ನಲ್ಲಿ ಪಟ್ಟಿಯ ಹೆಸರಿಗೊಂದು ಗುಂಡುಸೂಜಿ ಚುಚ್ಚಿ ಅಲ್ಲಿಯೇ ನಿಲ್ಲಿಸುವ ಅನುಕೂಲ ಬಂದಾಗ, ಕೀರ್ದಿಯ ನಡುವೆ ಒಂದಿಷ್ಟು ಖಾತೆಯನ್ನು ಹೊಲಿದಂತಾಯಿತು. ಆದರೆ ಸೂಜಿ ಚುಚ್ಚುವ ಕೆಲಸ ನಮ್ಮದೇ. ಬಾಕಿ ಯಾವುದೆಂದು ಯಂತ್ರ ಹೇಳಲಾರದು. ಅದನ್ನು ಯಾರೋ ಒಬ್ಬರು ಕುಳಿತು ನಿರ್ಧರಿಸಬೇಕು, ನಿರ್ಧರಿಸುವವರು ತಮಗೆ ಬೇಕಾದುದನ್ನೇ ನಿರ್ಧರಿಸುತ್ತಾರೆ. ಇತಿಹಾಸದ ತುಂಬ ಇದಕ್ಕೆ ಸಾಕ್ಷಿಗಳಿವೆ.

ಗದಗಿನಿಂದ ಸುಮಾರು 40 ಕಿ.ಮೀ. ದೂರದ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಅಲ್ಲಿಯ ಶಂಖಬಸದಿಗೆ ಸಂಬಂಧಿಸಿದ ಒಂದು ಕಲ್ಲಿದೆ. ವಿದ್ಯಾರ್ಥಿಗಳಿಗೆ ಶಾಸನವೆಂದರೇನು ಎಂದು ವಿವರಿಸುವಾಗ ನಾನು ಈ ಕಲ್ಲಿನ ಮಾತನ್ನು ತೆಗೆಯದೆ ಬಿಟ್ಟಿದ್ದೇ ಇಲ್ಲ. ಸಾಮಾನ್ಯವಾಗಿ ಒಂದು ಕಲ್ಲಿಗೆ ಒಂದು ದಾನ, ಒಬ್ಬ ಅರಸ, ಒಂದು ಮಿತಿ. ಈ ಕಲ್ಲಿನಲ್ಲಿ ಹಲವು ದಾನಗಳಿವೆ. ಗಂಗವಂಶದ ಮಾರಸಿಂಹನ ಶಕ 890ರ, ಎಂದರೆ ಕ್ರಿ.ಶ. 968ರ ದಾನ ಅದರಲ್ಲಿದೆ. ಅದರ ಜೊತೆಗೆ ಬಾದಾಮಿಯ ಚಾಲುಕ್ಯ ಅರಸರಾದ ವಿನಯಾದಿತ್ಯನ ಶಕ 608ರ, ವಿಜಯಾದಿತ್ಯನ ಶಕ 651ರ, ಇಮ್ಮಡಿ ವಿಕ್ರಮಾದಿತ್ಯನ ಶಕ 656ರ ದಾನಗಳೂ ಇವೆ. ಕ್ರಿಸ್ತಶಕದಲ್ಲಿ ಹೇಳುವುದಾದರೆ 686, 729, 734. ಅಂದರೆ ಒಂದೇ ಕಲ್ಲಿನ ಮೇಲೆ ಸುಮಾರು ಮುನ್ನೂರು ವರ್ಷಗಳ ಅಂತರದ ಮಿತಿಗಳು! ಲಿಪಿ ಮಾತ್ರ ಹತ್ತನೆಯ ಶತಮಾನದ ಸುಮಾರಿನದು.

ಧಾರವಾಡ ಸೀಮೆಯ ಶಾಸನಗಳಿಗಾಗಿ ಬಹಳ ದುಡಿದ ಜೆ. ಎಫ್. ಫ್ಲೀಟ್ ಇದನ್ನು ‘ಇಂಡಿಯನ್ ಆಂಟಿಕ್ವೆರಿ’ಯ ಏಳನೆಯ ಸಂಪುಟದಲ್ಲಿ ಪ್ರಕಟಿಸಿದನು. ಹಳೆಯ ಮಿತಿಗಳಿದ್ದರೂ ಬರವಣಿಗೆ ಈಚಿನದಾದ್ದರಿಂದ ಚಾಲುಕ್ಯರ ಭಾಗದ ಪ್ರಾಮಾಣ್ಯದ ಬಗ್ಗೆ ಆತ ಸಂದೇಹಪಟ್ಟನು. ಸಂದೇಹಪಡುವುದು ಇತಿಹಾಸಕಾರನ ಧರ್ಮವೇ ಸರಿ. ಆದರೆ ಆ ಕಲ್ಲನ್ನು ಬರೆಯಿಸಿದವರ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಚಾಲುಕ್ಯರು ಹೋಗಿದ್ದರು. ಅವರ ತರುವಾಯ ಬಂದ ರಾಷ್ಟ್ರಕೂಟರ ಆಳಿಕೆಯೂ ಮುಗಿಯುವ ಹಂತದಲ್ಲಿತ್ತು. ನಾಳೆ ಯಾವ ಅರಸನ ಅಧಿಕಾರಿ ಬಂದು ‘ಈ ಭೂಮಿ ನಿಮಗೆ ಯಾರು ಕೊಟ್ಟದ್ದು’ ಎಂದು ಕೇಳುವನೋ ಯಾರಿಗೆ ಗೊತ್ತು? ತಾಮ್ರಪಟದಲ್ಲೋ ಓಲೆಯಲ್ಲೋ ಸವೆಯುತ್ತಿದ್ದ ಹಳೆಯ ದಾನಗಳಲ್ಲಿ ಇನ್ನೂ ಯಾವುದರ ಬಗ್ಗೆ ಪ್ರಶ್ನೆ ಬರಬಹುದೋ ಅಂಥವನ್ನು ಆರಿಸಿ ಕಲ್ಲಿಗೆ ಏರಿಸಿದರೆಂದು ಊಹಿಸುವುದು ತಪ್ಪಾಗಲಾರದು. ಆ ಬಸದಿಗೆ ಮುನ್ನೂರು ವರ್ಷಗಳಲ್ಲಿ ಬಂದ ಕಾಣಿಕೆಗಳೆಲ್ಲ ಅಲ್ಲಿಲ್ಲ. ಎಣ್ಣೆ ಕೊಟ್ಟವರ, ಹೂ ತಂದವರ, ಕಸಗುಡಿಸಿದವರ ಲೆಕ್ಕವೂ ಇಲ್ಲ. ಉಳಿದದ್ದು ಭೂಮಿಯ ಮಾತು, ಏಕೆಂದರೆ ತಂಟೆ ಬರುವುದು ಭೂಮಿಯ ಮೇಲೆ.

ಇದಕ್ಕಿಂತ ಉದಾರವಾದ ಆಯ್ಕೆಯೂ ನಮ್ಮ ಜಿಲ್ಲೆಯಲ್ಲಿಯೇ ನಡೆಯಿತು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದ್ದು ಎಲ್ಲರೂ ಬಲ್ಲ ಸಂಗತಿ. ಮುದ್ರಣಯಂತ್ರವಿಲ್ಲದ ಹತ್ತನೆಯ ಶತಮಾನದ ಕೊನೆಯಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ತಾಳೆಗರಿ, ಎಷ್ಟು ದಿನಗಳ ಊಟದ ಖರ್ಚು ಎಂಬುದನ್ನು ಓದುಗರೇ ಲೆಕ್ಕಹಾಕಬೇಕು. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ನಮಗೆ ಸಿಕ್ಕಿಲ್ಲ, ಹೆಸರಷ್ಟೇ ಉಳಿದಿದೆ. ಅತ್ತಿಮಬ್ಬೆಯ ಆಶ್ರಯದಲ್ಲಿದ್ದ ರನ್ನನ ಕೃತಿಗಳಲ್ಲಿಯೂ ಹೀಗೆಯೇ. ಅಜಿತಪುರಾಣ, ಗದಾಯುದ್ಧ ಇವೆ, ಪರಶುರಾಮಚರಿತ ಇಲ್ಲ. ಸಾವಿರ ಪ್ರತಿಗಳೇ ಶಾಂತಿಪುರಾಣವನ್ನು ಉಳಿಸಿದವು ಎಂದು ಖಂಡಿತವಾಗಿ ಹೇಳಲು ಬಾರದು. ಆದರೂ ಪ್ರತಿಯಾಗದ ಕೃತಿಗೆ ತಾಳೆಗರಿಯ ಆಯುಷ್ಯವೇ ಆಯುಷ್ಯ. ಆ ತಾಯಿ ಸೂಜಿ ಚುಚ್ಚಿದ್ದು ತನ್ನ ಧರ್ಮದ ಗ್ರಂಥಕ್ಕೆ. ಅದು ಸಹಜ. ಲೌಕಿಕ ಕಾವ್ಯಕ್ಕೂ ಅಂಥ ಇನ್ನೊಬ್ಬ ತಾಯಿ ಇದ್ದಿದ್ದರೆ ಎಂದು ಕನ್ನಡದ ಮೇಷ್ಟರು ಆಗಾಗ ಹಂಬಲಿಸುವುದೂ ಸಹಜವೇ.

ಇದೇ ಗದಗಿನ ಕುಮಾರವ್ಯಾಸನಂತೂ ಮತ್ತೊಂದು ತುದಿ. ತಾನು ಕರಡಿನ ಹಲಗೆಯನ್ನಾಗಲಿ ಬಳಪವನ್ನಾಗಲಿ ಹಿಡಿದವನಲ್ಲ, ಬರೆದದ್ದನ್ನು ಅಳಿಸಿದವನಲ್ಲ ಎಂದು ಅವನ ಹೆಮ್ಮೆ. ಅಂಥವನಿಗೆ ಇತ್ತೀಚಿನ ಕಡತಗಳ ಪಟ್ಟಿ ಯಾಕೆ ಬೇಕು? ಅವನಿಗೆ ಇದ್ದದ್ದು ಒಂದೇ ಕಡತ. ನಮ್ಮ ನಿಮ್ಮ ಪಾಡು ಹಾಗಲ್ಲ, ಇರಲಿ.

ಬ್ರಿಟಿಷರ ಕಾಲಕ್ಕೆ ಬರೋಣ. ಕಲ್ಲು, ಓಲೆಗಳ ಜಾಗಕ್ಕೆ ಕಾಗದ ಬಂದಿತ್ತು, ಕೇಳುವ ಅಧಿಕಾರಿ ನಿಜವಾಗಿಯೂ ಬಂದನು. ಮುಂಬಯಿ ಸರ್ಕಾರವು 1840ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ, ಅಂದರೆ ನಮ್ಮ ಧಾರವಾಡ, ಬೆಳಗಾವಿಗಳ ಕಡೆ, ಇನಾಮು ಭೂಮಿಗಳ ವಿಚಾರಣೆಯನ್ನು ಆರಂಭಿಸಿತು. 1852ರ ಹನ್ನೊಂದನೆಯ ಕಾಯಿದೆ ಈ ಇನಾಮ್ ಕಮಿಷನ್ನಿಗೆ ಪೂರ್ಣ ಬಲ ಕೊಟ್ಟಿತು. ಕಂದಾಯವಿಲ್ಲದೆ ಭೂಮಿ ಉಣ್ಣುತ್ತಿದ್ದವರೆಲ್ಲ ತಮ್ಮ ಸನದುಗಳನ್ನು ತಂದು ತೋರಿಸಬೇಕು. ಪೇಶ್ವೆಯರ ದಫ್ತರದಲ್ಲಿದ್ದ ಲೆಕ್ಕದೊಂದಿಗೆ ಅದು ತಾಳೆಯಾಗಬೇಕು. ಮೂರು ತಲೆಮಾರಿನ ಅನುಭೋಗವಿದ್ದರೂ ಕಾಗದ ಗೆದ್ದಲು ತಿಂದಿದ್ದರೆ, ಮಳೆಗೆ ನೆನೆದಿದ್ದರೆ, ಅಣ್ಣತಮ್ಮಂದಿರ ಪಾಲಿನಲ್ಲಿ ಬೇರೆ ಊರಿಗೆ ಹೋಗಿದ್ದರೆ ಹಕ್ಕು ಅಲುಗಾಡಿತು. ಸಾವಿರಾರು ಇನಾಮುಗಳು ಸರ್ಕಾರದ ವಶಕ್ಕೆ ಹೋದವು. ಆವರೆಗೆ ಊರಿನ ಹಿರಿಯರ ಬಾಯಿಮಾತು ದಾಖಲೆಯ ಒಂದು ಬಗೆಯಾಗಿತ್ತು. ಆ ನೆನಪನ್ನು ಹೊಸ ವ್ಯವಸ್ಥೆ ನೆನಪೆಂದೇ ಗಣಿಸಲಿಲ್ಲ.

ನರಗುಂದದ ಭಾಸ್ಕರರಾವ್ ಭಾವೆ ಮತ್ತು ಮುಂಡರಗಿಯ ಭೀಮರಾವ್ 1858ರಲ್ಲಿ ಬಂಡೆದ್ದ ಕಥೆಯನ್ನು ನಮ್ಮ ಕಡೆಯ ಮಕ್ಕಳು ಪಾಠದಲ್ಲಿ ಓದುತ್ತಾರೆ. ದತ್ತುಸ್ವೀಕಾರಕ್ಕೆ ಅನುಮತಿ ನಿರಾಕರಿಸಿದ್ದು ನರಗುಂದದ ಬಂಡಾಯಕ್ಕೆ ಮುಖ್ಯ ಕಾರಣ, ನಿಶ್ಶಸ್ತ್ರೀಕರಣ ಇನ್ನೊಂದು. ಪಾಠದಲ್ಲಿ ಅಷ್ಟಾಗಿ ಬಾರದ ಒಂದು ಸಂಗತಿಯೆಂದರೆ, ಮೇ 29ರ ರಾತ್ರಿ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅದಕ್ಕೆ ಮೊದಲು ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ಜನ ಅವನನ್ನು ಬಲ್ಲದ್ದು ಕಾಗದ ಕೇಳುವ ದೊರೆಯಾಗಿ. ಭೀಮರಾವ್ ಜೂನ್ ಮೊದಲಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಭಾಸ್ಕರರಾವ್‌ನನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಬಂಡಾಯಕ್ಕೆ ಕಾಗದವೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ‘ನಿನ್ನ ಬಳಿ ದಾಖಲೆ ಇದೆಯೇ’ ಎಂಬ ಪ್ರಶ್ನೆ ಎಷ್ಟು ಕಹಿಯಾಗಬಲ್ಲದು ಎಂಬುದನ್ನು ಈ ಸೀಮೆ ಆಗ ಕಂಡಿತು.

ತರುವಾಯ ಕಚೇರಿಗಳು ಈ ಪ್ರಶ್ನೆಗೆ ಒಂದು ಶಿಸ್ತನ್ನು ತಂದವು. ಎಲ್ಲ ಕಾಗದವನ್ನೂ ಇಡುವುದಕ್ಕೆ ಜಾಗವಿಲ್ಲ, ಎಲ್ಲವನ್ನೂ ಸುಡುವಂತಿಲ್ಲ. ಆದ್ದರಿಂದ ಪ್ರತಿ ಕಡತಕ್ಕೂ ಅದು ಮುಗಿದ ದಿನವೇ ಒಂದು ವರ್ಗ ಹಾಕಬೇಕು. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ‘ಎ’ ವರ್ಗವೆಂದರೆ ಶಾಶ್ವತ, ‘ಬಿ’ ಎಂದರೆ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ ಒಂದು ವರ್ಷ. ಅವಧಿ ತೀರಿದವನ್ನು ಪಟ್ಟಿ ಮಾಡಿ ನಾಶಪಡಿಸುತ್ತಾರೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು 25 ವರ್ಷಗಳಿಗಿಂತ ಹಳೆಯ ಕೇಂದ್ರ ಸರ್ಕಾರದ ದಾಖಲೆಯನ್ನು ಮೌಲ್ಯಮಾಪನವಿಲ್ಲದೆ ನಾಶಮಾಡಬಾರದೆಂದು ವಿಧಿಸಿತು. ಈ ವರ್ಗೀಕರಣವನ್ನು ನಾನು ಬಹಳ ಮೆಚ್ಚುತ್ತೇನೆ. ಇದರಲ್ಲಿ ‘ಎಂದು ತೆರೆದೆವು’ ಎಂಬ ಪ್ರಶ್ನೆಯೇ ಇಲ್ಲ. ಇನ್ನೆಷ್ಟು ಕಾಲ ಯಾರಾದರೂ ಇದನ್ನು ಕೇಳಿಕೊಂಡು ಬಂದಾರು ಎಂಬುದೊಂದೇ ಪ್ರಶ್ನೆ. ರಜೆಯ ಅರ್ಜಿಯನ್ನು ಕೇಳಿಕೊಂಡು ಮೂವತ್ತು ವರ್ಷಗಳ ಮೇಲೆ ಯಾರೂ ಬರುವುದಿಲ್ಲ, ಸರಹದ್ದಿನ ಕಾಗದವನ್ನು ಕೇಳಿಕೊಂಡು ಮೊಮ್ಮಗ ಬರುತ್ತಾನೆ.

ಆದರೆ ಕೇಳಿಕೊಂಡು ಬರುವವರನ್ನು ಮುಂಗಾಣುವವನು ಗುಮಾಸ್ತ. ಅವನು ಮುಂಗಾಣದ ಜನರೂ ಇರುತ್ತಾರೆ. ನಮ್ಮ ಕಡೆಯ ಉತಾರದ ಕಥೆ ಇದಕ್ಕೆ ತಕ್ಕ ಉದಾಹರಣೆ. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಹಕ್ಕುದಾಖಲೆಯ ಪದ್ಧತಿ ಬಂದಿತು. ಏಳನೆಯ ನಮೂನೆಯಲ್ಲಿ ಹಕ್ಕು, ಹನ್ನೆರಡನೆಯದರಲ್ಲಿ ಬೆಳೆ. ಎರಡೂ ಸೇರಿ ಜನರ ಬಾಯಲ್ಲಿ ‘ಸಾತ್ ಬಾರಾ’ ಆಯಿತು. ಹಕ್ಕಿನ ಕಡೆ ಹೆಸರು ಒಮ್ಮೆ ಕೂತರೆ ಮಾರಾಟವೋ ವಾರಸವೋ ಆಗುವವರೆಗೆ ಕದಲುವುದಿಲ್ಲ. ಬೆಳೆಯ ಕಡೆ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಯಾವ ಬೆಳೆ, ಎಷ್ಟು ಎಕರೆ, ಸಾಗುವಳಿ ಮಾಡಿದವನು ಯಾರು. ಮುಂದೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯಡಿ ಬಂದ ಪಹಣಿಯಲ್ಲಿಯೂ ಈ ಎರಡು ಮುಖಗಳು ಉಳಿದವು. 9ನೆಯ ಅಂಕಣದಲ್ಲಿ ಖಾತೆದಾರ, 12ರಲ್ಲಿ ಸಾಗುವಳಿದಾರ. ಮತ್ತೆ ಅದೇ ಜೋಡಿಯನ್ನು ನೋಡಿರಿ! ಒಂದು ಖಾತೆ, ಒಂದು ಕೀರ್ದಿ.

1948ರ ಮುಂಬಯಿ ಗೇಣಿ ಕಾಯಿದೆ ಬಂದ ಮೇಲೆ ಭೂಮಾಲೀಕರಿಗೆ ಈ ಸಾಗುವಳಿಯ ಅಂಕಣದ ಭಯ ಹತ್ತಿತು. ರೈತನ ಹೆಸರು ಅಲ್ಲಿ ವರ್ಷ ವರ್ಷವೂ ಬಂದರೆ ನಾಳೆ ಅವನು ಹಕ್ಕು ಕೇಳಿಯಾನು. ಕೆಲವರು ಹೊಲ ಬದಲಿಸಿ ಕೊಡುತ್ತಿದ್ದರು. ಕೆಲವು ಕಡೆ ಹೊಲ ಉಳುವವನು ಒಬ್ಬ, ಅಂಕಣದಲ್ಲಿ ‘ಸ್ವಂತ’ ಎಂದು ಬರೆಹ. 1950ರ ಕಾಯಿದೆಯಿಂದ ನಮ್ಮ ಭಾಗದ ಕುಲಕರ್ಣಿ ವತನ ರದ್ದಾಗಿ ದಫ್ತರಗಳು ತಲಾಠಿಯ ಕೈಗೆ ಬಂದರೂ ಬರೆಯುವ ಕೈ ಯಾರ ಮಾತು ಕೇಳುತ್ತಿತ್ತು ಎಂಬುದು ಊರಿಗೆ ಗೊತ್ತಿದ್ದ ವಿಷಯ. ಆಮೇಲೆ 1974ರ ಮಾರ್ಚ್ 1 ಬಂದಿತು. ಭೂಸುಧಾರಣೆಯ ತಿದ್ದುಪಡಿಯಂತೆ ಆ ದಿನಕ್ಕೆ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿ ಸರ್ಕಾರದಲ್ಲಿ ವಿಹಿತವಾಗಿ, ಅರ್ಜಿ ಹಾಕಿದ ಗೇಣಿದಾರನಿಗೆ ಅಧಿಭೋಗದ ಹಕ್ಕು ಸಿಗಬೇಕು. ಅರ್ಜಿ ‘ನಮೂನೆ 7’. ಭೂನ್ಯಾಯಮಂಡಳಿಯ ಮುಂದೆ ವಿಚಾರಣೆ. ಅರ್ಜಿಯ ಕೊನೆಯ ಅವಧಿ ಮುಂದುವರಿಯುತ್ತ 1979ರ ಜೂನ್ 30ಕ್ಕೆ ಬಂದು ನಿಂತಿತು.

ಅಲ್ಲಿ ಮೊದಲು ನೋಡುತ್ತಿದ್ದುದು ಪಹಣಿಯನ್ನು. ಕಾಯಿದೆಯ 133ನೆಯ ಕಲಮಿನ ಪ್ರಕಾರ ಪಹಣಿಯ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸತ್ಯವೆಂದೇ ಭಾವಿಸಬೇಕು. ಹತ್ತು ವರ್ಷ ಹೊಲ ಉತ್ತವನ ಹೆಸರು ಆ ಅಂಕಣದಲ್ಲಿ ಮೂರು ಸಲ ಬಂದಿದ್ದರೆ ಅವನಿಗೆ ಆಧಾರ. ಒಮ್ಮೆಯೂ ಬಂದಿಲ್ಲದಿದ್ದರೆ ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗೆ ಕರೆತರಬೇಕು. ಆ ಅಕ್ಕಪಕ್ಕದವರೂ ಅದೇ ಮಾಲೀಕನ ಹಂಗಿನವರಾಗಿದ್ದರೆ? ಗೆದ್ದವರು ಬಹಳ ಜನ. ಕರ್ನಾಟಕದ ಭೂಸುಧಾರಣೆ ದೇಶದಲ್ಲಿಯೇ ಗಣ್ಯವಾದದ್ದೆಂದು ನಾನು ಒಪ್ಪುತ್ತೇನೆ. ಆದರೆ ಸೋತವರಲ್ಲಿ ಎಷ್ಟೋ ಜನ ನ್ಯಾಯದ ಮುಂದೆ ಸೋತವರಲ್ಲ, ಒಂದು ಖಾಲಿ ಅಂಕಣದ ಮುಂದೆ ಸೋತವರು. ಗಂಡ ತೀರಿಕೊಂಡ ಮೇಲೆ ತಾವೇ ನೇಗಿಲ ಹಿಂದೆ ನಿಂತ ಹೆಣ್ಣುಮಕ್ಕಳ ಹೆಸರನ್ನು ಆ ಅಂಕಣದಲ್ಲಿ ಹುಡುಕುವುದೇ ಕಷ್ಟ. ಬರೆಯುವಾಗ ‘ಇವರೂ ಒಂದು ದಿನ ಕೇಳಿಕೊಂಡು ಬಂದಾರು’ ಎಂದು ಯಾರೂ ಎಣಿಸಿರಲಿಲ್ಲ.

ಶಾಲೆಯ ವಹಿಗಳಲ್ಲಿಯೂ ಇದೇ ನ್ಯಾಯವನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ದಾಖಲಾತಿಯ ಜನರಲ್ ರಜಿಸ್ಟರು ಶಾಶ್ವತ. ಅದನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಹಾಜರಿ ಪುಸ್ತಕಕ್ಕೆ ಅಷ್ಟು ಆಯುಷ್ಯವಿಲ್ಲ. ಹೀಗಾಗಿ ಜೂನ್ ತಿಂಗಳಲ್ಲಿ ಹೆಸರು ಹಚ್ಚಿ ಮಾರನೆಯ ದಿನದಿಂದ ದನ ಕಾಯಲು ಹೋದ ಹುಡುಗನೂ, ಏಳು ವರ್ಷ ಒಂದು ದಿನ ತಪ್ಪದೆ ಬಂದ ಹುಡುಗಿಯೂ ಶಾಶ್ವತ ದಾಖಲೆಯಲ್ಲಿ ಒಂದೊಂದೇ ಸಾಲು. ಬಂದದ್ದನ್ನು ತೋರಿಸುವ ಪುಸ್ತಕ ಹೋಯಿತು, ಸೇರಿದ್ದನ್ನು ತೋರಿಸುವುದು ಉಳಿಯಿತು. ಯಾಕೆಂದರೆ ಕೇಳಿಕೊಂಡು ಬರುವವರಿಗೆ ಬೇಕಾದದ್ದು ಜನ್ಮದಿನಾಂಕ, ಜಾತಿ, ತಂದೆಯ ಹೆಸರು. ಆ ಜನ್ಮದಿನಾಂಕವಾದರೂ ಎಂಥದು? ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಹಿಂದಿನ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಮ್ಮ ಪೀಳಿಗೆಯಲ್ಲಿ ಅರ್ಧ ಊರು ಒಂದೇ ದಿನ ಹುಟ್ಟಿದಂತಿದೆ. ಮುಪ್ಪಿನ ಪಿಂಚಣಿಗೆ ವಯಸ್ಸಿನ ದಾಖಲೆ ಬೇಕೆಂದು ಒಬ್ಬ ಅಜ್ಜಿ ಬಂದಿದ್ದಳು. “ಮಾಸ್ತರ, ನಾ ಸಾಲಿಗಿ ಬಂದಿದ್ನೆಪಾ, ಒಂದು ವರ್ಷ ಬಂದಿದ್ದೆ, ನೋಡ ಸ್ವಲ್ಪ” ಎಂದಳು. ವಹಿಯಲ್ಲಿ ಅವಳ ಅಣ್ಣನ ಹೆಸರಿತ್ತು. ಅಣ್ಣನ ಜೊತೆ ತಂಗಿ ಬಂದು ಹಿಂದೆ ಕೂಡುತ್ತಿದ್ದಳು, ಹೆಸರು ಹಚ್ಚುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅವಳು ನಮ್ಮ ಶಾಲೆಯ ಹಾಡೊಂದನ್ನು ಅಲ್ಲಿಯೇ ನಿಂತು ಪೂರ್ತಿ ಹೇಳಿದಳು. ಅದು ದಾಖಲೆಯಾಗುವುದಿಲ್ಲವಲ್ಲ. ಕಡೆಗೆ ವೈದ್ಯಾಧಿಕಾರಿಯ ವಯಸ್ಸಿನ ಪ್ರಮಾಣಪತ್ರದಿಂದ ಅವಳ ಕೆಲಸವಾಯಿತು.

ಎರಡು ಸಾವಿರದ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯಡಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಟ್ಟುಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಸಂತೋಷದ ಸಂಗತಿಯೇ. ಗೆದ್ದಲಿಗೆ ಇನ್ನು ಮೇಲೆ ಉಪವಾಸ. ಆದರೆ ಸ್ಕ್ಯಾನ್ ಆಗುವುದು ಬರೆದದ್ದು ಮಾತ್ರ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಅವರು ಬಳಸುವ ‘ಈಮ್ಯಾಕ್ಸ್’ ಎಂಬ ಎಡಿಟರಿನಲ್ಲಿ ‘ರೀಸೆಂಟ್‌ಎಫ್’ ಎಂಬ ಸಣ್ಣ ಸಲಕರಣೆಯಿದೆ. 2001ರ 21ನೆಯ ಆವೃತ್ತಿಯಿಂದ ಅದು ಜೊತೆಗೇ ಬರುತ್ತಿದೆ. ಮಿತಿ ರೂಢಿಯಾಗಿ 20 ಹೆಸರುಗಳು. ಯಾವ ಬಗೆಯ ಹೆಸರನ್ನು ಪಟ್ಟಿಗೆ ಸೇರಿಸಬಾರದು ಎಂಬ ನಿಯಮವನ್ನು ಬಳಸುವವರೇ ಬರೆದಿಡಬಹುದು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ‘ವಿಮ್’ ಎಂಬ ಎಡಿಟರು ರೂಢಿಯಾಗಿ ನೂರು ಕಡತಗಳ ಗುರುತನ್ನು ಇಟ್ಟುಕೊಳ್ಳುತ್ತದೆ. ತೆಗೆದು ಹಾಕುವ ಡಿಸ್ಕುಗಳಲ್ಲಿನ ಕಡತವನ್ನು ನೆನಪಿಡಬೇಡ ಎಂದು ಅದಕ್ಕೂ ಹೇಳಬಹುದು. ಎರಡೂ ಒಳ್ಳೆಯ ಏರ್ಪಾಡುಗಳೇ. ನಾನು ಹೇಳಿದ್ದು ಇಷ್ಟು: ಯಂತ್ರ ತನ್ನ ಅನುಕೂಲಕ್ಕೆ ತೆರೆದದ್ದನ್ನು, ಸಹಾಯದ ಪುಟಗಳನ್ನು, ತಾತ್ಕಾಲಿಕ ಕೋಶದಲ್ಲಿರುವುದನ್ನು ಮೊದಲೇ ಹೊರಗಿಡಪ್ಪಾ, ಅವು ‘ಇ’ ವರ್ಗ. ತೆರೆದು ನೋಡಿ ಒಂದಕ್ಷರವನ್ನೂ ತಿದ್ದದೆ ಮುಚ್ಚಿದ್ದಕ್ಕೂ, ತಿದ್ದಿ ಉಳಿಸಿದ್ದಕ್ಕೂ ಭೇದವಿರಲಿ. ಆದರೆ ನೋಡಿ ಮುಚ್ಚಿದ್ದನ್ನು ಪೂರ್ತಿ ಬಿಡಬೇಡ, ಓದುವುದೂ ಒಂದು ಕೆಲಸ. ಇನ್ನು ಗುಟ್ಟಿನ ಕಡತ. ಮನೆಯಲ್ಲಿ ನಾಲ್ವರು ಬಳಸುವ ಯಂತ್ರದಲ್ಲಿ ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ವೈದ್ಯರ ವರದಿಯ ಹೆಸರೊಂದೇ ಸಾಕು, ಒಳಗಿನದನ್ನು ತೆರೆಯಬೇಕಾಗಿಲ್ಲ. ಅಂಥದ್ದನ್ನು ಮರೆಯುವುದು ಯಂತ್ರದ ಸೌಜನ್ಯ.

ಅವರು ಎಲ್ಲವನ್ನೂ ಬರೆದುಕೊಂಡು ಒಂದು ಸಂದೇಹ ಕೇಳಿದರು. ರೀಸೆಂಟ್‌ಎಫ್ ಆರಂಭವಾಗುವಾಗ ಪಟ್ಟಿಯನ್ನು ತಾನೇ ಗುಡಿಸುತ್ತದೆ. ಈಗ ಕಾಣಸಿಗದ ಕಡತಗಳ ಹೆಸರನ್ನು ಅಳಿಸಿಬಿಡುತ್ತದೆ. ಸರಿಯೇ, ಇಲ್ಲದ ಕಡತದ ಹೆಸರು ಯಾಕೆ? ಆದರೆ ಆ ಕಡತ ಪೆನ್‌ಡ್ರೈವಿನಲ್ಲಿದ್ದು, ಆ ಹೊತ್ತಿಗೆ ಪೆನ್‌ಡ್ರೈವ್ ಚುಚ್ಚಿರದಿದ್ದರೆ? ಕಡತ ಇದೆ, ಅವರ ಚೀಲದಲ್ಲಿಯೇ ಇದೆ. ಗುಡಿಸುವ ಕ್ಷಣಕ್ಕೆ ಮಾತ್ರ ಎದುರಿಗಿಲ್ಲ. ಹೆಸರು ಹೋಗುತ್ತದೆ.

ನಾನು ಅವರಿಗೆ ಇನಾಮ್ ಕಮಿಷನ್ನಿನ ಕಥೆ ಹೇಳಿದೆ. ಸನದು ಅಣ್ಣನ ಮನೆಯ ಪೆಟ್ಟಿಗೆಯಲ್ಲಿದ್ದು ವಿಚಾರಣೆಯ ದಿನ ಕೈಯಲ್ಲಿಲ್ಲದವನ ಪಾಡು ಇದೇ ಅಲ್ಲವೇ. ಅವರು ಆ ಗುಡಿಸುವ ಏರ್ಪಾಡನ್ನು ನಿಲ್ಲಿಸಿದ್ದಾರೆ. ಬೇಕಾದಾಗ ತಾವೇ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಓದಿ ತೆಗೆಯುತ್ತಾರಂತೆ, ತಿಂಗಳಿಗೊಮ್ಮೆ.